ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಊಟ: ವಾಕಿಂಗ್ ಬಳಗದ ಚೀಟಿಗೆ ಏನು ಹಾಕೋದು, ಏನು ಬಿಡೋದು?

ಏರಿ ಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವ ಗಂಡಸರಿಗೆ ಹಂಚಲು ಒಂದು ಪುಟದ ಚೀಟಿ ಆಗಬೇಕಿದೆ. ವಿಷಯ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಮತ್ತು ಆಹಾರ. ಓದುವವರೆಲ್ಲ 50ರಿಂದ 70ರ ಆಸುಪಾಸಿನವರು. ನಿವೃತ್ತ ಮೇಷ್ಟ್ರು, ಎಪಿಎಂಸಿ ವರ್ತಕರು, ಹತ್ತಿ ಗಿರಣಿಯಲ್ಲಿ ದುಡಿದವರು, ಹೀಗೆ.

ಈಗಾಗಲೇ ವಾಟ್ಸಾಪಿನಲ್ಲಿ ಸುತ್ತುತ್ತಿರುವ ಮಾತುಗಳು ಇವು: ಹಾಲು ಬಿಟ್ಟರೆ ಬರಲ್ಲ. ದಿನಾ ಟೊಮ್ಯಾಟೊ ತಿಂದರೆ ಬರಲ್ಲ. ವಿಟಮಿನ್ ಇ ಗುಳಿಗೆ ರಕ್ಷಣೆ ಕೊಡುತ್ತೆ. ಮೀಲ್ ಮೇಕರ್ ಒಳ್ಳೇದು ಅಂತ ಒಬ್ಬರು, ಅದೇ ಕೆಟ್ಟದ್ದು ಅಂತ ಇನ್ನೊಬ್ಬರು. ಕುಂಬಳ ಬೀಜವಂತೂ ಸರ್ವರೋಗಕ್ಕೂ ಮದ್ದು.

ಕೇಳಬೇಕಿರುವುದು ಮೂರು. ಹಾಲಿನ ದೋಷ ಕ್ಯಾಲ್ಸಿಯಮ್ಮಿನಿಂದ ಅನ್ನುವುದಾದರೆ ರಾಗಿ ಮುದ್ದೆಯನ್ನೂ ಬಿಡಬೇಕಾಗುತ್ತಾ? ಯಾವ ಮಾತ್ರೆಗಳ ಹೆಸರು ಚೀಟಿಯಲ್ಲಿ ಇರಲೇಬೇಕು? ಕೊನೇದು, ವಾಕಿಂಗ್ ಮುಗಿದ ಮೇಲಿನ ಬೆಣ್ಣೆ ದೋಸೆ. ಇದನ್ನು ಬಿಟ್ಟು ಚೀಟಿ ಮಾಡಿದರೆ ಯಾರೂ ಓದಲ್ಲ.

ಪಥ್ಯದ ಪಟ್ಟಿ

ಮೊದಲು ತಲೆಬರಹ. "ಆಹಾರದಿಂದ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಿರಿ" ಅಂತ ಹಾಕಬೇಡಿ, ಸುಳ್ಳಾಗುತ್ತೆ. ವಯಸ್ಸು ಮತ್ತು ಮನೆತನದ ಮುಂದೆ ತಟ್ಟೆಯ ಪಾಲು ಚಿಕ್ಕದು. ಅಪ್ಪನಿಗೋ ಒಡಹುಟ್ಟಿದವನಿಗೋ ಬಂದಿದ್ದರೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಅಷ್ಟು ದೊಡ್ಡ ವ್ಯತ್ಯಾಸ ತರಬಲ್ಲ ಸೊಪ್ಪು, ಕಾಳು, ಹಣ್ಣು ಯಾವುದೂ ಇಲ್ಲ.

ಊಟದ ದಾರಿಯಲ್ಲಿ ಪುರಾವೆ ಗಟ್ಟಿಯಾಗಿರುವುದು ಹೊಟ್ಟೆಯ ಬೊಜ್ಜಿನ ಬಗ್ಗೆ. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್‌ನ 2014ರ ವರದಿಯಲ್ಲಿ ಬಲವಾದ ಪುರಾವೆ ಅಂತ ಗುರುತಿಸಿದ್ದು ಮುಖ್ಯವಾಗಿ ಇದನ್ನೇ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 5 ಅಂಕ ಏರಿದರೆ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಶೇಕಡಾ 8ರಷ್ಟು ಏರುತ್ತೆ. 5 ಅಂಕ ಅಂದರೆ ಐದೂವರೆ ಅಡಿ ಎತ್ತರದವನಿಗೆ ಸುಮಾರು 14 ಕೆಜಿ. (ಎತ್ತರ ಹೆಚ್ಚಿದ್ದರೂ ಅಪಾಯ ಹೆಚ್ಚು ಅಂತ ಅದೇ ವರದಿಯಲ್ಲಿದೆ. ಅದಕ್ಕೆ ಪಥ್ಯ ಇಲ್ಲ, ಚೀಟಿಯಲ್ಲಿ ಹಾಕಬೇಡಿ.)

ಇನ್ನು ಹಾಲು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹಾಲು ಕುಡಿದರೆ ರಕ್ತದಲ್ಲಿ ಐಜಿಎಫ್-1 ಅನ್ನುವ ಬೆಳವಣಿಗೆಯ ಅಂಶ ಸ್ವಲ್ಪ ಏರುತ್ತೆ. ಅದು ಹೆಚ್ಚಿರುವ ಗಂಡಸರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿದೆ. ಎರಡನೇ ಅನುಮಾನ ಕ್ಯಾಲ್ಸಿಯಮ್ಮಿನ ಮೇಲೆ. ಅದು ವಿಪರೀತ ಆದಾಗ ದೇಹ ತಯಾರಿಸುವ ಸಕ್ರಿಯ ವಿಟಮಿನ್ ಡಿ ತಗ್ಗುತ್ತೆ, ಪ್ರಾಸ್ಟೇಟ್ ಕೋಶಗಳ ಬೆಳವಣಿಗೆಗೆ ಇರುವ ಕಡಿವಾಣ ಸಡಿಲವಾಗುತ್ತೆ ಅನ್ನುವ ವಾದ. ಎರಡೂ "ಇರಬಹುದು" ಅನ್ನುವ ಮಟ್ಟದ ಪುರಾವೆ. ಅಮೆರಿಕದ ದೊಡ್ಡ ಅಧ್ಯಯನಗಳಲ್ಲಿ ಅಪಾಯ ಎದ್ದು ಕಂಡಿದ್ದು ದಿನಕ್ಕೆ 1500–2000 ಮಿಗ್ರಾಂ ದಾಟಿದವರಲ್ಲಿ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವಯಸ್ಕರಿಗೆ ಹೇಳುವುದು ದಿನಕ್ಕೆ 1000.

ಈಗ ನಮ್ಮ ಕಡೆಯ ಒಂದು ದಿನ ಹಿಡಿಯಿರಿ. ಎರಡು ಲೋಟ ಟೀಗೆ ಒಟ್ಟು 150 ಎಂಎಲ್ ಹಾಲು: 180 ಮಿಗ್ರಾಂ. ರಾತ್ರಿ ಒಂದು ಲೋಟ ಹಾಲು, 200 ಎಂಎಲ್: 240. ಊಟಕ್ಕೆ ಒಂದು ಬಟ್ಟಲು ಮೊಸರು, 150 ಗ್ರಾಂ: 180ರ ಆಸುಪಾಸು. 80 ಗ್ರಾಂ ಹಿಟ್ಟಿನ ಒಂದು ಮುದ್ದೆ: 290. ಕೂಡಿದರೆ 890. ಸೊಪ್ಪು, ಬೇಳೆ ಸೇರಿ ಸಾವಿರದ ಹತ್ತಿರ ಬರುತ್ತೆ. ಸರಿಯಾಗಿದೆ, ಯಾವುದನ್ನೂ ಬಿಡಬೇಕಿಲ್ಲ. ಮುದ್ದೆಯ ಬದಲು ಜೋಳದ ರೊಟ್ಟಿಯ ಮನೆಯಾದರೆ ಆ 290 ಹೋಗಿ 30ಕ್ಕಿಂತ ಕಡಿಮೆ ಆಗುತ್ತೆ, ಜೋಳದಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲ. ಆ ಮನೆಯಲ್ಲಿ ಹಾಲನ್ನೂ ಬಿಡಿಸಿದರೆ ಮೂಳೆಗೆ ಕುತ್ತು. ರಾಗಿಯಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಅನ್ನುವ ಅಂಶ ಇರುವುದರಿಂದ ಇರುವ ಕ್ಯಾಲ್ಸಿಯಮ್ಮೆಲ್ಲ ಮೈಗೆ ಹತ್ತುವುದೂ ಇಲ್ಲ. ಮುದ್ದೆಗೆ ಹೆದರುವ ಕಾರಣವೇ ಇಲ್ಲ.

ಲೆಕ್ಕ ತಪ್ಪುವುದು ಮಾತ್ರೆಯಿಂದ. ಮಂಡಿ ನೋವಿಗೆ ಅಂತ ಬೆಳಿಗ್ಗೆ ಒಂದು, ರಾತ್ರಿ ಒಂದು 500ರ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಅದೇ ಮನುಷ್ಯ 1900 ದಾಟುತ್ತಾನೆ.

ಔಷಧಿ ಕೌಂಟರ್

ಮೇಲಿನವರ ಮಾತಿಗೆ ಒಂದು ಸೇರಿಸಬೇಕು. ಕ್ಯಾಲ್ಸಿಯಂ ಮಾತ್ರೆಯ ಪಟ್ಟಿಯ ಮೇಲೆ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಗ್ರಾಂ" ಅಂತ ಇರುತ್ತೆ. ಅದರೊಳಗಿನ ಶುದ್ಧ ಕ್ಯಾಲ್ಸಿಯಂ 500 ಮಾತ್ರ. 1250 ಅಂತ ಓದಿ ಗಾಬರಿಯಾಗಿ ವೈದ್ಯರು ಬರೆದಿದ್ದನ್ನೂ ಬಿಡುವವರಿದ್ದಾರೆ. "ಎಲಿಮೆಂಟಲ್ ಕ್ಯಾಲ್ಸಿಯಂ" ಅಂತ ಸಣ್ಣಕ್ಷರದಲ್ಲಿ ಬರೆದಿರುವ ಸಾಲನ್ನೇ ಓದಬೇಕು.

ಚೀಟಿಯಲ್ಲಿ ಇರಲೇಬೇಕಾದ ಮಾತ್ರೆ ವಿಟಮಿನ್ ಇ. ಇದರ ಕತೆ ಹೀಗೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪುಪ್ಪುಸದ ಕ್ಯಾನ್ಸರ್ ತಡೆಯಲು ನಡೆದ ಪ್ರಯೋಗದಲ್ಲಿ, ದಿನಕ್ಕೆ 50 ಮಿಗ್ರಾಂ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 32 ಕಡಿಮೆ ಬಂತು. ಎಲ್ಲರಿಗೂ ಆಸೆ ಹುಟ್ಟಿತು. ಇದನ್ನೇ ಒರೆಗೆ ಹಚ್ಚಲು 2001ರಲ್ಲಿ ಸೆಲೆಕ್ಟ್ ಅನ್ನುವ ಪ್ರಯೋಗ ಶುರುವಾಯಿತು, 35 ಸಾವಿರಕ್ಕೂ ಹೆಚ್ಚು ಗಂಡಸರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರ ಲೆಕ್ಕದಲ್ಲಿ ವಿಟಮಿನ್ ಇ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಹೆಚ್ಚು! ಏಳು ವರ್ಷದಲ್ಲಿ ಸಾವಿರ ಜನರಲ್ಲಿ ಔಷಧಿ ಇಲ್ಲದ ಹುಸಿ ಮಾತ್ರೆಯವರಿಗೆ 65, ವಿಟಮಿನ್ ಇ ಅವರಿಗೆ 76. ಜೊತೆಗೆ ಕೊಟ್ಟು ನೋಡಿದ ಸೆಲೆನಿಯಮ್ಮಿನಿಂದಲೂ ಉಪಯೋಗ ಆಗಲಿಲ್ಲ.

ಆ ಪ್ರಯೋಗದ ಪ್ರಮಾಣ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಒಂದು ಮಾನ). ನಮ್ಮ ಅಂಗಡಿಗಳಲ್ಲಿ ಸಿಗುವ ಹಸಿರು ಗುಳಿಗೆಯ ಮೇಲೆ "400 ಮಿಗ್ರಾಂ ಟೋಕೋಫೆರಿಲ್ ಅಸಿಟೇಟ್" ಅಂತ ಇರುತ್ತಲ್ಲ, ಕೃತಕ ವಿಟಮಿನ್ ಇಗೆ ಒಂದು ಮಿಗ್ರಾಂ ಅಂದರೆ ಒಂದು ಐಯು. ಅಂದರೆ ಲೆಕ್ಕ ಸರಿಸಮ. ರಾತ್ರಿ ಕಾಲು ಹಿಡಿಯುತ್ತೆ, ಕೂದಲಿಗೆ ಒಳ್ಳೇದು, ಮುಖಕ್ಕೆ ಹಚ್ಚಿ ಉಳಿದಿದ್ದನ್ನು ನುಂಗಿದೆ, ಹೀಗೆ ವರ್ಷಗಟ್ಟಲೆ ನಡೆಯುತ್ತೆ. ಬೇರೆ ಕಾಯಿಲೆಗೆ ವೈದ್ಯರು ಬರೆದಿದ್ದರೆ ಅವರನ್ನು ಕೇಳಿ. ತಾವಾಗೇ ಶುರು ಮಾಡಿದ್ದರೆ ನಿಲ್ಲಿಸಲಿ. ಹುರಿದ ಶೇಂಗಾ, ಅಡುಗೆ ಎಣ್ಣೆಯಲ್ಲಿರುವ ವಿಟಮಿನ್ ಇಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಹಿಡಿ ಶೇಂಗಾದಲ್ಲಿ ಬರುವುದು ಎರಡೂವರೆ ಮಿಗ್ರಾಂ ಅಷ್ಟೇ.

ಝಿಂಕ್ ಕೂಡ ಹಾಕಿ. ಗಂಡಸಿಗೆ ದಿನಕ್ಕೆ ಬೇಕಾದ್ದು 17 ಮಿಗ್ರಾಂ. ಮಾತ್ರೆಯಿಂದಲೇ 100 ಮಿಗ್ರಾಂ ದಾಟಿದವರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಎರಡು ಪಟ್ಟಿಗೂ ಹೆಚ್ಚು ಕಂಡಿದೆ. ಕೊರೊನಾ ಕಾಲದಲ್ಲಿ ಹಿಡಿದ ಅಭ್ಯಾಸ ಇನ್ನೂ ಬಿಡದವರಿಗೆ ಈ ಸಾಲು. ಒಂದೇ ಮಾತ್ರೆಯಲ್ಲಿ ನೂರು ಇರಲ್ಲ, ಮಲ್ಟಿವಿಟಮಿನ್, ಝಿಂಕ್, "ಪುರುಷರ ಶಕ್ತಿ" ಮಾತ್ರೆ ಮೂರೂ ಸೇರಿದಾಗ ಹತ್ತಿರ ಬರುತ್ತೆ.

ಫೋಲಿಕ್ ಆಸಿಡ್ ಬಗ್ಗೆ ಎಚ್ಚರದಿಂದ ಬರೆಯಿರಿ. ಕರುಳಿನ ಗಂಟು ತಡೆಯಲು ದಿನಕ್ಕೆ 1 ಮಿಗ್ರಾಂ ಕೊಟ್ಟ ಒಂದು ಪ್ರಯೋಗದಲ್ಲಿ, ಹತ್ತು ವರ್ಷದ ಅಂದಾಜಿನಂತೆ ಮಾತ್ರೆ ತಗೊಂಡವರಲ್ಲಿ ಶೇಕಡಾ 9.7 ಮಂದಿಗೆ, ತಗೊಳ್ಳದವರಲ್ಲಿ 3.3 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಸಣ್ಣ ಪ್ರಯೋಗ, 643 ಗಂಡಸರು. ನಮ್ಮಲ್ಲಿ 5 ಮಿಗ್ರಾಂ ಮಾತ್ರೆ ಸುಲಭಕ್ಕೆ ಸಿಗುತ್ತೆ. ಆದರೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತಗೊಳ್ಳುವವರು ಅದರ ಜೊತೆಗಿನ ಫೋಲಿಕ್ ಬಿಡಲೇಬಾರದು, ಬಾಯಿಹುಣ್ಣಿನಿಂದ ಶುರುವಾಗಿ ರಕ್ತಕಣ ಇಳಿಯುವ ತನಕ ಹೋಗುತ್ತೆ. ಹಾಗಾಗಿ "ನಿಲ್ಲಿಸಿ" ಅಂತ ಬೇಡ, "ವೈದ್ಯರ ಚೀಟಿ ಇಲ್ಲದೆ ತಗೋಬೇಡಿ" ಅಂತ ಇರಲಿ.

ವಿಟಮಿನ್ ಡಿ 2000 ಐಯು, ಮೀನೆಣ್ಣೆ ಎರಡನ್ನೂ ವೈಟಲ್ ಅನ್ನುವ ಪ್ರಯೋಗದಲ್ಲಿ ನೋಡಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಆಗಲಿಲ್ಲ.

ಚಳ್ಳಕೆರೆ ಗಾಣ

ಎಣ್ಣೆಯ ವಿಷಯ ಯಾರೂ ಎತ್ತಲಿಲ್ಲ. ಗಾಣದ ಶೇಂಗಾ ಎಣ್ಣೆ ಬಳಸಿದರೆ ಕ್ಯಾನ್ಸರ್ ಬರಲ್ಲ ಅಂತ ಫಲಕ ಹಾಕುವವರಿದ್ದಾರೆ, ಅದನ್ನು ಚೀಟಿಗೆ ತರಬೇಡಿ. ಗಾಣದ್ದಾದರೂ, ಪ್ಯಾಕೆಟ್ಟಿನದ್ದಾದರೂ ಗ್ರಾಮಿಗೆ 9 ಕ್ಯಾಲೊರಿ. ತಲೆಗೆ ದಿನಕ್ಕೆ 25 ಗ್ರಾಂ ಹಿಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕೆಜಿ, ಅಂದರೆ ಮೂರೂಕಾಲು ಲೀಟರು. ಐದು ಲೀಟರ್ ಕ್ಯಾನು ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಉತ್ತರ ಅಲ್ಲೇ ಇದೆ.

ಮಂಡಕ್ಕಿ ಹಗುರ, ಪಕ್ಕದ ಮೆಣಸಿನಕಾಯಿ ಬಜ್ಜಿ ಅಲ್ಲ. ಕರಿದದ್ದನ್ನು ವಾರಕ್ಕೊಮ್ಮೆಯಾದರೂ ತಿನ್ನುವವರಲ್ಲಿ, ತಿಂಗಳಿಗೊಮ್ಮೆಯೂ ತಿನ್ನದವರಿಗಿಂತ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 30ರಷ್ಟು ಹೆಚ್ಚು ಅಂತ ಅಮೆರಿಕದ ಸಿಯಾಟಲ್ ಕಡೆಯ ಅಧ್ಯಯನ 2013ರಲ್ಲಿ ಬಂತು. ಇದು ಕಾಯಿಲೆ ಬಂದವರನ್ನು ಕೂರಿಸಿ "ಹಿಂದೆ ಏನು ತಿನ್ನುತ್ತಿದ್ದಿರಿ" ಅಂತ ಕೇಳಿ ಮಾಡಿದ್ದು. ಬಂದವನು ತಾನು ತಿಂದದ್ದನ್ನು ಹೆಚ್ಚೇ ನೆನಪು ಮಾಡಿಕೊಳ್ಳುತ್ತಾನೆ. ಅಷ್ಟರ ಮಟ್ಟಿಗೆ ನಂಬಿ.

ಸೋತ ಎಣ್ಣೆ ಗುರುತಿಸುವುದು ಮಾತ್ರ ಎಲ್ಲರಿಗೂ ಉಪಯೋಗ. ಬಾಣಲೆಯಲ್ಲಿ ನೊರೆ ಕಟ್ಟಿ ಇಳಿಯುವುದೇ ಇಲ್ಲ. ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆ ಏಳುತ್ತೆ. ಬೆರಳಲ್ಲಿ ಉಜ್ಜಿದರೆ ಬಂಕೆ ಬಂಕೆ. ಬಜ್ಜಿ ಒಳಗೆ ಬೇಯುವ ಮುಂಚೆ ಹೊರಗೆ ಕಪ್ಪಾಗುತ್ತೆ. 2018ರ ಜುಲೈಯಿಂದ ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತ (ಎಣ್ಣೆ ಕೆಟ್ಟಂತೆ ಹೆಚ್ಚುವ ಅಂಶ) ಶೇಕಡಾ 25 ದಾಟಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಬಂಡಿಯಲ್ಲಿ ಯಾರು ಅಳೆಯುತ್ತಾರೆ, ಕಣ್ಣೇ ಮೀಟರು.

ಬೂಸ್ಟು ಹಿಡಿದ ಶೇಂಗಾ ಎಸೆಯಿರಿ. ಅದರ ಅಫ್ಲಟಾಕ್ಸಿನ್ ಅನ್ನುವ ವಿಷ ಲಿವರ್ ಕ್ಯಾನ್ಸರಿನ ಬಾಬತ್ತು, ಪ್ರಾಸ್ಟೇಟಿನದಲ್ಲ, ಆದರೂ ಹೇಳಬೇಕಾದ ಮಾತು.

ಪಥ್ಯದ ಪಟ್ಟಿ

ಬೆಣ್ಣೆ ದೋಸೆ ಬಾಕಿ ಇತ್ತು. ಹಾಲಿನ ಮೇಲಿನ ಅನುಮಾನವನ್ನು ಬೆಣ್ಣೆಯ ಮೇಲೆ ಹಾಕಬೇಡಿ, ಬೆಣ್ಣೆಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ತಕರಾರು ತೂಕದ್ದು. ಒಂದು ದೋಸೆಗೆ 20 ಗ್ರಾಂ ಬೆಣ್ಣೆ ಅಂತ ಹಿಡಿದರೆ ಅದೊಂದರದ್ದೇ 145 ಕ್ಯಾಲೊರಿ. ಎರಡು ದೋಸೆಗೆ 290, ಹಿಟ್ಟು, ಪಲ್ಯ, ಚಟ್ನಿ ಬಿಟ್ಟು. 70 ಕೆಜಿ ಮನುಷ್ಯ ಅದನ್ನು ಕಳೆಯಲು ಒಂದು ಗಂಟೆ ಬಿರುಸಾಗಿ ನಡೆಯಬೇಕು. ಏರಿ ಮೇಲೆ ನಡೆದದ್ದು ಹೋಟೆಲಿನ ಬಾಗಿಲಲ್ಲೇ ಚುಕ್ತಾ. ಭಾನುವಾರ ಒಂದು ದಿನ, ಒಂದು ಬೆಣ್ಣೆ, ಮೇಲೆ ಬೇಕಿದ್ದರೆ ಒಂದು ಖಾಲಿ. ಹೀಗೆ ಬರೆದರೆ ಕೇಳುತ್ತಾರೆ. "ಬಿಡಿ" ಅಂತ ಬರೆದರೆ ಚೀಟಿಯಲ್ಲೇ ದೋಸೆಯ ಕೈ ಒರೆಸುತ್ತಾರೆ.

ಟೊಮ್ಯಾಟೊ: ಕೆಂಪು ಬಣ್ಣ ಕೊಡುವ ಲೈಕೋಪೀನ್ ಮೇಲೆ ಒಂದು ಕಾಲಕ್ಕೆ ಬಹಳ ಭರವಸೆ ಇತ್ತು. 2007ರಲ್ಲಿ ಅದೇ ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ "ಬಹುಶಃ ರಕ್ಷಿಸುತ್ತೆ" ಅಂದಿತ್ತು, 2014ರಲ್ಲಿ "ತೀರ್ಮಾನ ಹೇಳಲಾಗದು" ಅಂತ ಇಳಿಸಿತು. ತಿನ್ನಬಾರದು ಅಂತಲ್ಲ. ಹಸಿಯಾಗಿ ತಿಂದದ್ದಕ್ಕಿಂತ ಎಣ್ಣೆಯಲ್ಲಿ ಬೇಯಿಸಿದ ಗೊಜ್ಜಿನಿಂದ ಲೈಕೋಪೀನ್ ಚೆನ್ನಾಗಿ ಹೀರಿಕೊಳ್ಳುತ್ತೆ. ಅರ್ಧ ಕೆಜಿ ಹಣ್ಣಿಗೆ ಎರಡು ಚಮಚ ಎಣ್ಣೆ, ಸಿಪ್ಪೆ ಸಮೇತ, ಎಣ್ಣೆ ಬಿಡುವ ತನಕ. ಸಿಪ್ಪೆಯಲ್ಲೇ ಅದು ಹೆಚ್ಚಿರುವುದು. ಬಾಟಲಿ ಸಾಸು ಬೇಡ, ಅದರ ಕಾಲುಭಾಗದ ಹತ್ತಿರ ಸಕ್ಕರೆ. ಕಲ್ಲಂಗಡಿ, ಕೆಂಪು ಸೀಬೆಯಲ್ಲೂ ಲೈಕೋಪೀನ್ ಇದೆ.

ಮೀಲ್ ಮೇಕರ್: ಸೋಯಾ ಹೆಚ್ಚು ತಿನ್ನುವ ದೇಶಗಳಲ್ಲಿ ಈ ಕ್ಯಾನ್ಸರ್ ಕಡಿಮೆ ಅನ್ನುವುದು ನಿಜ. ಆದರೆ ಆಪರೇಷನ್ ಆದ 159 ಗಂಡಸರಿಗೆ ದಿನಕ್ಕೆ 20 ಗ್ರಾಂ ಸೋಯಾ ಪ್ರೋಟೀನ್ ಎರಡು ವರ್ಷದವರೆಗೆ ಕೊಟ್ಟು ನೋಡಿದಾಗ ಕಾಯಿಲೆ ಮರಳುವುದು ತಗ್ಗಲಿಲ್ಲ. ವಾರಕ್ಕೆರಡು ಸಲ ಸಾರಿಗೆ ಹಾಕಿದರೆ ಲಾಭವೂ ಇಲ್ಲ, ಗಂಡಸುತನ ಹೋಗುತ್ತೆ ಅನ್ನುವ ಹೆದರಿಕೆಗೂ ಅರ್ಥ ಇಲ್ಲ. ಕುಂಬಳ ಬೀಜ ಕ್ಯಾನ್ಸರ್ ತಡೆಯುತ್ತೆ ಅನ್ನಲು ಆಧಾರ ಇಲ್ಲ, ಒಂದು ಹಿಡಿಗೆ 160 ಕ್ಯಾಲೊರಿ ಮಾತ್ರ ಖಚಿತ.

ಯೂರೊ ಓಪಿಡಿ (ಮೂತ್ರರೋಗ ವಿಭಾಗ)

ಪಥ್ಯದ ಮೇಡಂ ಹೇಳಿದ್ದಕ್ಕೆ ಒಂದು ಸಾಕ್ಷಿ. ಸಣ್ಣ ಮಟ್ಟದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು, ಆಪರೇಷನ್ ಮಾಡದೆ ನಿಗಾದಲ್ಲಿಟ್ಟಿದ್ದ 478 ಗಂಡಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಏಳು ಪಾಲು (ಸರ್ವಿಂಗ್) ತರಕಾರಿ ತಿನ್ನಲು ಫೋನ್ ಮಾಡಿ ಮಾಡಿ ಹೇಳಿದರು. ಅವರು ನಿಜಕ್ಕೂ ತಿಂದರು. ಎರಡು ವರ್ಷದ ಕೊನೆಗೆ ಕಾಯಿಲೆ ಮುಂದುವರಿಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. 2020ರಲ್ಲಿ ಬಂದ ಫಲಿತಾಂಶ. ತರಕಾರಿ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೇದು, ಆ ಕಾರಣಕ್ಕೆ ತಿನ್ನಲಿ.

ಚೀಟಿಯಲ್ಲಿ ನನಗೆ ಊಟಕ್ಕಿಂತ ಮುಖ್ಯ ಅನಿಸುವ ಜಾಗ ಪ್ರಾಸ್ಟೇಟಿನ ರಕ್ತಪರೀಕ್ಷೆಯಾದ ಪಿಎಸ್‌ಎ. ಯಾಕೆಂದರೆ ಅಲ್ಲೂ ಊಟ, ಮಾತ್ರೆ, ಬೊಜ್ಜು ಬಂದು ಅಂಕಿ ಕೆಡಿಸುತ್ತವೆ.

ದಪ್ಪ ಇರುವವರಿಗೆ ರಕ್ತದ ಪ್ರಮಾಣ ಹೆಚ್ಚು, ಪಿಎಸ್‌ಎ ಅದರಲ್ಲಿ ತೆಳುವಾಗುತ್ತೆ. ಅಂಕಿ ಕಡಿಮೆ ಕಂಡು ಕಾಯಿಲೆ ತಡವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಮೂತ್ರದ ತೊಂದರೆಗೆ ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ತಗೊಳ್ಳುವವರಿಗೆ ಆರು ತಿಂಗಳು, ವರ್ಷದಲ್ಲಿ ಪಿಎಸ್‌ಎ ಅರ್ಧಕ್ಕೆ ಇಳಿಯುತ್ತೆ. ರಿಪೋರ್ಟಿನಲ್ಲಿ 2.5 ಬಂದರೆ ಅದನ್ನು 5 ಅಂತ ಓದಬೇಕು. ಕೂದಲು ಉದುರುವುದಕ್ಕೆ ಕೊಡುವ 1 ಮಿಗ್ರಾಂ ಫಿನಾಸ್ಟೆರೈಡಿಗೂ ಇದೇ ಮಾತು. ಅದೇ ಕೂದಲಿಗೆ ತಗೊಳ್ಳುವ ಬಯೋಟಿನ್ 10 ಮಿಗ್ರಾಂ ಮಾತ್ರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಪಿಎಸ್‌ಎಯನ್ನು ಸುಳ್ಳೇ ಕಡಿಮೆ ತೋರಿಸುತ್ತೆ. ರಕ್ತ ಕೊಡುವ ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೆ ಹೇಳಬೇಕು. ವೀರ್ಯಸ್ಖಲನ, ದೂರದ ಸೈಕಲ್ ಸವಾರಿ 48 ಗಂಟೆ ಬೇಡ. ಮೂತ್ರದ ಸೋಂಕು ಆಗಿದ್ದರೆ ವಾಸಿಯಾಗಿ ಆರು ವಾರ ಕಾಯಬೇಕು. ಇಲ್ಲದಿದ್ದರೆ ಅಂಕಿ ಸುಮ್ಮನೆ ಏರಿ ಮನೆಮಂದಿಗೆಲ್ಲ ನಿದ್ದೆ ಕೆಡುತ್ತೆ.

ರಾತ್ರಿ ಮೂರು ಸಲ ಏಳುವುದು, ಧಾರೆ ಸಣ್ಣಗಾಗುವುದು ಬಹುಪಾಲು ವಯಸ್ಸಿಗೆ ಗ್ರಂಥಿ ದಪ್ಪಗಾದ ಲಕ್ಷಣ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಕ್ಯಾನ್ಸರ್ ಶುರುವಿನಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ. ಮನೆತನದಲ್ಲಿ ಇದ್ದವರು 45ಕ್ಕೇ ಪಿಎಸ್‌ಎ ಬೇಕೋ ಬೇಡವೋ ಅಂತ ವೈದ್ಯರ ಹತ್ತಿರ ಮಾತಾಡಲಿ.

ಚಿಕಿತ್ಸೆಯಲ್ಲಿ ಇರುವವರಿಗೆ ಈ ಚೀಟಿ ಕೊಡಬೇಡಿ. ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದ್ದರೆ ಮೂಳೆ ಸವೆಯುತ್ತೆ, ಅವರಿಗೆ ಹಾಲು, ಮೊಸರು, ರಾಗಿ ಬೇಕೇ ಬೇಕು. ಅಬಿರಾಟೆರಾನ್ ಮಾತ್ರೆಯವರು ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿ, ಆಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಜಿಡ್ಡಿನ ತಿಂಡಿಯ ಜೊತೆ ನುಂಗಿದರೆ ಔಷಧಿ ರಕ್ತಕ್ಕೆ ಹತ್ತು ಪಟ್ಟಿನವರೆಗೂ ಸೇರಬಹುದು.

ಏರಿ ಬಳಗ

ಎಲ್ಲರಿಗೂ ಧನ್ಯವಾದ. ಕರಡು ಹೀಗಿದೆ, ತಪ್ಪಿದ್ದರೆ ಹೇಳಿ: "ಸೊಂಟದ ಸುತ್ತಳತೆ 90 ಸೆಂಮೀ ಒಳಗೆ (ಪ್ಯಾಂಟ್ ಸೈಜ್ 36ರೊಳಗೆ). ಹಾಲು, ಮೊಸರು, ಮುದ್ದೆ ಮಿತವಾಗಿ ನಡೆಯಲಿ, ಕ್ಯಾಲ್ಸಿಯಂ ಮಾತ್ರೆ ವೈದ್ಯರು ಹೇಳಿದರೆ ಮಾತ್ರ. ವಿಟಮಿನ್ ಇ 400 ತಾವಾಗಿ ನುಂಗಬೇಡಿ. ಬಯೋಟಿನ್, ಫಿನಾಸ್ಟೆರೈಡ್ ತಗೊಳ್ಳುತ್ತಿದ್ದರೆ ಪಿಎಸ್‌ಎಗೆ ಮುಂಚೆ ಹೇಳಿ. ಸುಟ್ಟ ಮಾಂಸ ತಿಂದರೆ ಕ್ಯಾನ್ಸರ್ ಬರುತ್ತದೆ. ಬೆಣ್ಣೆ ದೋಸೆ ಭಾನುವಾರ."

ಪಥ್ಯದ ಪಟ್ಟಿ

ಎರಡು ತಿದ್ದುಪಡಿ. ಮಾಂಸದ ಸಾಲು ಅಷ್ಟು ಖಡಾಖಂಡಿತ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು "ಬಹುಶಃ" ಪಟ್ಟಿಗೆ ಹಾಕಿದ್ದು ಮುಖ್ಯವಾಗಿ ದೊಡ್ಡ ಕರುಳಿನ ಕ್ಯಾನ್ಸರಿಗೆ, ಪ್ರಾಸ್ಟೇಟಿನ ಜೊತೆ ನಂಟು ಕಂಡಿದೆ ಅಂತಷ್ಟೇ ಹೇಳಿದೆ. "ಮಟನ್ ಬೇಯಿಸಿ ತಿನ್ನಿ, ಕೆಂಡದ ಮೇಲೆ ಕರಿ ಹಿಡಿಸಬೇಡಿ" ಸಾಕು.

ಎರಡನೇದು ಪ್ಯಾಂಟ್ ಸೈಜ್. ಅದನ್ನು ತೆಗೆದುಹಾಕಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ, ಸೈಜ್ 34 ಇದ್ದವರ ಸುತ್ತಳತೆ ನೂರು ಸೆಂಮೀ ಇರುತ್ತೆ. ಟೇಪು ಹಿಡಿಯಬೇಕಾದ್ದು ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ತುದಿಯ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಬನಿಯನ್ ಎತ್ತಿ. ಹೊಟ್ಟೆ ಒಳಗೆಳೆದುಕೊಂಡರೆ ಮತ್ತೆ ಅಳೆಯಿರಿ. ಚೀಟಿ ಹಂಚುವ ದಿನ ಟೈಲರ್ ಟೇಪು ಒಂದು ಜೇಬಿನಲ್ಲಿರಲಿ, ದೋಸೆಗೆ ಹೋಗುವ ಮುಂಚೆಯೇ ಅಳೆದುಬಿಡಿ.